ಹೊಸ ಕ್ಯಾಲಿಪರ್ ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ದೊಡ್ಡ ಕ್ಯಾಲಿಪರ್ (ಪಿಸ್ಟನ್‌ಗಳಿಂದ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಕೊಂಡವರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: ‘ಮೂರು ಸಲ ಬ್ಲೀಡ್ ಮಾಡಿದೆ, ಒಂದು ಲೀಟರ್ ಬ್ರೇಕ್ ಆಯಿಲ್ ಖಾಲಿಯಾಯ್ತು, ಪೆಡಲ್ ಇನ್ನೂ ಸ್ಪಂಜಿನ ಹಾಗೇ ಇದೆ.’ ಬ್ಲೀಡ್ ಮಾಡುವುದೆಂದರೆ ಆಯಿಲ್ ಹರಿಸಿ ಒಳಗಿನ ಗಾಳಿ ಹೊರಹಾಕುವುದು. ಹೀಗೆ ಹೇಳಿದವರ ಕಾರಿನ ಚಕ್ರ ಬಿಚ್ಚಿ ನೋಡಿದರೆ, ಪೆಡಲ್ ತುಳಿದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅದಕ್ಕೂ ಮುಂಚೆ ಎಲ್ಲೋ ಒಂದು ಹೆಜ್ಜೆ ಜಾರಿರುತ್ತದೆ. ಅದಕ್ಕೇ ಇಲ್ಲಿ ಕೆಲಸದ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬ್ರೇಕ್ ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲ ಪ್ಯಾಡಿಗೆ ತಲುಪುವ ಬದಲು ಗುಳ್ಳೆಯನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ. ಹಳೆಯ ಕ್ಯಾಲಿಪರಿನಲ್ಲಿ ಆಯಿಲ್ ಬದಲಿಸುವಾಗ ಒಳಗೆಲ್ಲ ಮೊದಲೇ ತುಂಬಿರುತ್ತದೆ. ಹೊಸ ಕ್ಯಾಲಿಪರ್ ಪೂರ್ತಿ ಒಣ. ನಾಲ್ಕೋ ಆರೋ ಪಿಸ್ಟನ್, ಪ್ರತಿಯೊಂದರ ಹಿಂದೆ ಒಂದು ಗುಳಿ, ಎರಡು ಬದಿಯನ್ನು ಜೋಡಿಸುವ ಸಣ್ಣ ದಾರಿ, ಎಲ್ಲ ಕಡೆಯೂ ಗಾಳಿ. ಆ ಗಾಳಿ ಯಾವಾಗಲೂ ಮೇಲಕ್ಕೆ ಹೋಗಿ ಕೂರುತ್ತದೆ. ಮುಂದಿನ ಬಹುತೇಕ ಹಂತಗಳು ಈ ಒಂದು ಮಾತಿನ ಮೇಲೇ ನಿಂತಿವೆ.

ಬ್ರೇಕ್ ಕೆಲಸದಲ್ಲಿ ‘ಸದ್ಯಕ್ಕೆ ಸಾಕು’ ಅನ್ನುವುದಿಲ್ಲ. ಕೆಳಗಿನ ಯಾವುದೇ ಹಂತದಲ್ಲಿ ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ, ಕಾರು ರಸ್ತೆಗೆ ಇಳಿಸಬೇಡಿ, ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಜಾಕಿ, ಜಾಕ್ ಸ್ಟ್ಯಾಂಡ್‌ಗಳು, ಚಕ್ರಕ್ಕೆ ಅಡ್ಡ ಇಡುವ ಕಟ್ಟೆ. ನಿಪ್ಪಲ್‌ಗೆ (ಕ್ಯಾಲಿಪರಿನ ಗಾಳಿ ಹೊರಬಿಡುವ ಸಣ್ಣ ಟೊಳ್ಳು ಬೋಲ್ಟ್) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್. ಸಾಮಾನ್ಯವಾಗಿ 8, 10 ಅಥವಾ 11 ಎಂಎಂ. ಓಪನ್ ಸ್ಪ್ಯಾನರ್ ಹಾಕಿದರೆ ನಿಪ್ಪಲ್‌ನ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಅದನ್ನು ಬಿಚ್ಚುವುದೇ ಬೇರೆ ಕೆಲಸ. ಎಷ್ಟು ಬಲಕ್ಕೆ (ಟಾರ್ಕ್) ಬಿಗಿಯುತ್ತಿದ್ದೀರಿ ಎಂದು ತೋರಿಸುವ ಟಾರ್ಕ್ ವ್ರೆಂಚ್ ಬೇಕೇ ಬೇಕು.

ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು ಮತ್ತು ಒಂದು ಪಾರದರ್ಶಕ ಬಾಟಲಿ. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಹೊಸ ಆಯಿಲ್ ಹಾಕಿ, ಪೈಪಿನ ತುದಿ ಅದರೊಳಗೆ ಮುಳುಗಿರಲಿ. ಜತೆಗೆ ಬ್ರೇಕ್ ಕ್ಲೀನರ್, ದಾರ ಬಿಡದ ಬಟ್ಟೆ, ದೊಡ್ಡ ಸಿರಿಂಜ್, ಪ್ಲಾಸ್ಟಿಕ್ ಅಥವಾ ರಬ್ಬರ್ ಸುತ್ತಿಗೆ, ಕೈಗವಸು, ಕನ್ನಡಕ, ಒಂದು ಬಕೆಟ್ ನೀರು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ; ಬಿದ್ದ ಕೂಡಲೇ ನೀರು ಸುರಿದರೆ ಉಳಿಯುತ್ತದೆ, ಒರೆಸುತ್ತ ಕೂತರೆ ಉಳಿಯುವುದಿಲ್ಲ.

ಆಯಿಲ್ ಯಾವುದು? ಬಾನೆಟ್ ಕೆಳಗೆ ಬ್ರೇಕ್ ಆಯಿಲ್ ತುಂಬಿಡುವ ರಿಸರ್ವಾಯರ್‌ನ ಮುಚ್ಚಳದ ಮೇಲೆ ಬರೆದದ್ದನ್ನೇ ನಂಬಿ. ಡಾಟ್ 3, ಡಾಟ್ 4, ಡಾಟ್ 5.1 ಗ್ಲೈಕಾಲ್ ಜಾತಿಯವು. ಹೊಸದಿರುವಾಗ ಇವುಗಳ ಕನಿಷ್ಠ ಕುದಿಬಿಂದು ಕ್ರಮವಾಗಿ 205, 230, 260 ಡಿಗ್ರಿ ಸೆಲ್ಸಿಯಸ್. ನೀರು ಹೀರಿದ ಮೇಲೆ 140, 155, 180ಕ್ಕೆ ಇಳಿಯುತ್ತದೆ. ಡಾಟ್ 5 ಸಿಲಿಕೋನ್ ಜಾತಿಯದು, ಮೇಲಿನವುಗಳ ಜತೆ ಬೆರೆಸುವಂತಿಲ್ಲ. 5 ಮತ್ತು 5.1 ಹೆಸರು ನೋಡಿ ಒಂದೇ ಅಂದುಕೊಂಡವರಿದ್ದಾರೆ, ಡಬ್ಬಿಯನ್ನು ಎರಡು ಸಲ ಓದಿ. ಸೀಲ್ ಒಡೆದು ತಿಂಗಳುಗಟ್ಟಲೆ ಶೆಲ್ಫಿನಲ್ಲಿದ್ದ ಡಬ್ಬಿ ಬೇಡ, ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಇಡೀ ಕಾರಿಗೆ ಒಂದು ಲೀಟರ್ ಸಾಕಾಗಬಹುದು, ಆದರೆ ಒಣ ಕ್ಯಾಲಿಪರ್ ತುಂಬಿಸುವುದಿರುವಾಗ ಇನ್ನೊಂದು ಡಬ್ಬಿ ಪಕ್ಕದಲ್ಲಿರಲಿ. ಅರ್ಧ ಕೆಲಸದಲ್ಲಿ ಆಯಿಲ್ ಮುಗಿದರೆ ರಿಸರ್ವಾಯರ್ ಒಣಗುವ ಅಪಾಯ ಶುರುವಾಗುತ್ತದೆ. ಡಬ್ಬಿಯನ್ನು ಅಲ್ಲಾಡಿಸಬೇಡಿ, ಅಲ್ಲಾಡಿಸಿದರೆ ನೀವೇ ಗುಳ್ಳೆ ಬೆರೆಸಿದಂತೆ.

## ಹಂತ 1: ಕಾರನ್ನು ಭದ್ರವಾಗಿ ನಿಲ್ಲಿಸಿ

ಸಮತಟ್ಟಾದ ಗಟ್ಟಿ ನೆಲ, ಸ್ಟ್ಯಾಂಡ್ ಮೇಲೆ ಕಾರು. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಎಂಜಿನ್ ಆಫ್. ಸಾಧ್ಯವಾದರೆ ಕಾರು ಮುಂದೆ ಹಿಂದೆ ಒಂದೇ ಮಟ್ಟದಲ್ಲಿರಲಿ. ಮೂತಿ ತೀರಾ ಮೇಲೆದ್ದಿದ್ದರೆ ಗಾಳಿ ಕೂರುವ ಜಾಗವೂ ಬದಲಾಗುತ್ತದೆ.

ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಅದನ್ನು ಸರ್ವಿಸ್ ಮೋಡ್‌ಗೆ ಹಾಕದೆ ಕೆಲಸಕ್ಕೆ ಇಳಿಯಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಬಾಗಿಲು ತೆರೆದ ಮಾತ್ರಕ್ಕೆ ಬ್ರೇಕ್ ಪಂಪ್ ಎಚ್ಚರಗೊಳ್ಳುವಂಥವೂ ಇವೆ. ಅಂಥ ಕಾರಿಗೆ ತಯಾರಕರ ಕ್ರಮ ಬಿಟ್ಟು ಬೇರೆ ದಾರಿ ಹಿಡಿಯಬಾರದು.

## ಹಂತ 2: ನಿಪ್ಪಲ್ ಮೇಲೆ ಇದೆಯೇ ನೋಡಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಎಡ ಮತ್ತು ಬಲದ ಕ್ಯಾಲಿಪರ್ ಅನೇಕ ಕಿಟ್‌ಗಳಲ್ಲಿ ನೋಡಲು ಒಂದೇ ಥರ, ಬೋಲ್ಟ್ ತೂತುಗಳೂ ಹೊಂದುತ್ತವೆ. ಅದಲು ಬದಲಾಗಿ ಹಾಕಿದರೂ ಸಲೀಸಾಗಿ ಕೂರುತ್ತವೆ. ಆಗ ನಿಪ್ಪಲ್ ಕ್ಯಾಲಿಪರಿನ ತಳಕ್ಕೆ ಬರುತ್ತದೆ. ಗಾಳಿ ಮೇಲೆ, ಬಾಗಿಲು ಕೆಳಗೆ. ನೀವು ಎಷ್ಟು ಲೀಟರ್ ಹರಿಸಿದರೂ ತಳದಿಂದ ಶುದ್ಧ ಆಯಿಲ್ ಮಾತ್ರ ಬರುತ್ತದೆ, ಮೇಲಿನ ಗಾಳಿ ಅಲ್ಲಾಡುವುದಿಲ್ಲ.

ಒಮ್ಮೆ ನನ್ನ ಮುಂದೆ ಬಂದ ಕಾರಿನಲ್ಲಿ ಹೀಗೇ ಆಗಿತ್ತು. ಮಾಲೀಕರು ಎರಡು ದಿನ ಬ್ಲೀಡ್ ಮಾಡಿದ್ದರು, ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ, ಪೆಡಲ್ ಮಾತ್ರ ನೆಲ ಮುಟ್ಟುತ್ತಿತ್ತು. ಕ್ಯಾಲಿಪರ್‌ಗಳನ್ನು ಎಡಬಲ ಬದಲಿಸಿ ನಿಪ್ಪಲ್ ತೆರೆದಾಗ ಮೊದಲ ಕ್ಷಣಕ್ಕೆ ಬಂದದ್ದು ಬರೀ ಗಾಳಿ; ಪೈಪಿನ ತುದಿ ಬಾಟಲಿಯಲ್ಲಿ ಬುಳಬುಳ ಎಂದು ಕುದಿದ ಹಾಗೆ ಸದ್ದು ಮಾಡಿತು. ಅರ್ಧ ಗಂಟೆಯಲ್ಲಿ ಪೆಡಲ್ ಗಟ್ಟಿಯಾಯಿತು.

ಬೇರೆ ಬೇರೆ ಅಳತೆಯ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಡಿಸ್ಕ್ ತಿರುಗುವ ದಿಕ್ಕಿಗೂ ನಿಯಮವಿದೆ: ಡಿಸ್ಕ್ ಮೊದಲು ಪ್ರವೇಶಿಸುವ ಕಡೆ ಸಣ್ಣ ಪಿಸ್ಟನ್, ಹೊರಬೀಳುವ ಕಡೆ ದೊಡ್ಡದು. ಕೆಲವು ಕ್ಯಾಲಿಪರ್‌ಗೆ ಮೇಲೂ ಕೆಳಗೂ ನಿಪ್ಪಲ್ ಇರುತ್ತದೆ, ಎರಡೂ ಬದಿಗೆ ಹೊಂದಲಿ ಎಂದು. ಅಂಥಲ್ಲಿ ಮೇಲಿನದನ್ನು ಮಾತ್ರ ಬಳಸಿ, ಕೆಳಗಿನದು ಬಿಗಿಯಾಗಿದೆಯೇ ಎಂದು ನೋಡಿ ಬಿಟ್ಟುಬಿಡಿ.

ಬ್ರ್ಯಾಕೆಟ್‌ನಿಂದಾಗಿ ಕ್ಯಾಲಿಪರ್ ಓರೆಯಾಗಿ ಕೂತು ನಿಪ್ಪಲ್ ತುತ್ತತುದಿಗೆ ಬರದಿದ್ದರೆ, ಬ್ಲೀಡಿಂಗ್ ಹೊತ್ತಿಗೆ ಕ್ಯಾಲಿಪರ್ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಭದ್ರವಾಗಿಟ್ಟು, ನಿಪ್ಪಲ್ ಆಕಾಶ ನೋಡುವಂತೆ ಹಿಡಿದು ಕೆಲಸ ಮುಗಿಸಬಹುದು. ಹೋಸ್ ಮೇಲೆ ಕ್ಯಾಲಿಪರಿನ ಭಾರ ಬಿಡಬೇಡಿ.

## ಹಂತ 3: ಹೋಸ್ ಮತ್ತು ಬ್ಯಾಂಜೋ ಬೋಲ್ಟ್

ಹೋಸನ್ನು ಕ್ಯಾಲಿಪರಿಗೆ ಜೋಡಿಸುವ ಬ್ಯಾಂಜೋ ಬೋಲ್ಟ್‌ಗೆ ಎರಡು ವಾಷರ್: ಬೋಲ್ಟ್ ತಲೆಗೂ ಹೋಸಿನ ಕಣ್ಣಿಗೂ ನಡುವೆ ಒಂದು, ಕಣ್ಣಿಗೂ ಕ್ಯಾಲಿಪರಿಗೂ ನಡುವೆ ಇನ್ನೊಂದು. ಎರಡೂ ಹೊಸದಾಗಿರಬೇಕು. ಒಮ್ಮೆ ಬಿಗಿದ ವಾಷರ್ ತನ್ನ ಆಕಾರಕ್ಕೆ ಹಿಸುಕಿಕೊಂಡಿರುತ್ತದೆ, ಮತ್ತೆ ಅದೇ ಹಾಕಿದರೆ ಜಿನುಗು ಗ್ಯಾರಂಟಿ. ಜಿನುಗಿದ ಕಡೆ ಇನ್ನಷ್ಟು ಬಿಗಿಯಲು ಹೋಗಬೇಡಿ: ಬ್ಯಾಂಜೋ ಬೋಲ್ಟ್ ಒಳಗೆ ಟೊಳ್ಳು, ಹೆಚ್ಚು ತಿರುಗಿಸಿದರೆ ಮುರಿಯುತ್ತದೆ. ಕಿಟ್‌ನ ಕಾಗದದಲ್ಲಿ ಕೊಟ್ಟ ಟಾರ್ಕ್ ಎಷ್ಟೋ ಅಷ್ಟೇ.

ಹೋಸ್ ತಿರುಚಿಕೊಂಡಿರಬಾರದು. ಸ್ಟಿಯರಿಂಗನ್ನು ಎರಡೂ ಕಡೆಯ ಕೊನೆಯವರೆಗೆ ತಿರುಗಿಸಿ, ಹೋಸ್ ಎಳೆಯುತ್ತಿದೆಯೇ, ಚಕ್ರಕ್ಕೋ ಶಾಕ್ ಅಬ್ಸಾರ್ಬರ್‌ಗೋ ಉಜ್ಜುತ್ತಿದೆಯೇ ನೋಡಿ. ಎರಡು ಬದಿಯನ್ನು ಜೋಡಿಸುವ ಕೊಳವೆ ಕ್ಯಾಲಿಪರಿನ ಹೊರಗೆ ಇದ್ದರೆ ಅದರ ನಟ್‌ಗಳನ್ನೂ ಪರೀಕ್ಷಿಸಿ.

## ಹಂತ 4: ಕ್ಯಾಲಿಪರನ್ನು ತಾನಾಗಿಯೇ ತುಂಬಲು ಬಿಡಿ

ಒಣ ಕ್ಯಾಲಿಪರ್ ಇರುವಾಗ ನೇರ ಪೆಡಲ್ ಮೇಲೆ ಕಾಲಿಟ್ಟರೆ ಆಯಿಲ್ ರಭಸಕ್ಕೆ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಒಡೆದು ನೊರೆಯಾಗುತ್ತದೆ. ದೊಡ್ಡ ಗುಳ್ಳೆ ಬೇಗ ಹೊರಬೀಳುತ್ತದೆ, ನೊರೆ ಗೋಡೆಗೆ ಅಂಟಿಕೊಂಡು ಕೂರುತ್ತದೆ.

ಮೊದಲು ಡಿಸ್ಕ್ ಮತ್ತು ಪ್ಯಾಡ್ ತಮ್ಮ ಜಾಗದಲ್ಲಿ ಇವೆಯೇ ನೋಡಿ. ಪ್ಯಾಡ್ ಇಲ್ಲದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರಿ ಬರುತ್ತದೆ. ರಿಸರ್ವಾಯರ್‌ನಲ್ಲಿ ಹಳೆಯ ಕೊಳೆ ಆಯಿಲ್ ಇದ್ದರೆ ಸಿರಿಂಜ್‌ನಿಂದ ಬಹುಪಾಲು ಹೀರಿ ತೆಗೆಯಿರಿ, ತಳ ಕಾಣುವಷ್ಟು ಬೇಡ. ಹೊಸ ಆಯಿಲ್ ‘ಮ್ಯಾಕ್ಸ್’ ಗೆರೆವರೆಗೆ ತುಂಬಿಸಿ. ಈಗ ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಅರ್ಧ ಸುತ್ತು ಸಡಿಲಿಸಿ, ಸುಮ್ಮನೆ ಕಾಯಿರಿ. ರಿಸರ್ವಾಯರ್ ಮೇಲಿದೆ, ಕ್ಯಾಲಿಪರ್ ಕೆಳಗಿದೆ. ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದು ಗಾಳಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತದೆ. ಹತ್ತು ನಿಮಿಷ ಹಿಡಿಯಬಹುದು, ಇಪ್ಪತ್ತೂ ಹಿಡಿಯಬಹುದು. ಪೈಪಿನಲ್ಲಿ ಆಯಿಲ್ ಕಾಣಿಸಿ ಹನಿ ಹನಿಯಾಗಿ ಇಳಿಯತೊಡಗಿದಾಗ ನಿಪ್ಪಲ್ ಮುಚ್ಚಿ. ಕಾಯುವಾಗ ರಿಸರ್ವಾಯರ್ ಮೇಲೆ ಕಣ್ಣಿರಲಿ.

ಆಮೇಲೆ ಎಲ್ಲ ನಿಪ್ಪಲ್ ಮುಚ್ಚಿರುವಂತೆಯೇ ಪೆಡಲನ್ನು ನಿಧಾನವಾಗಿ, ಚಿಕ್ಕ ಚಿಕ್ಕದಾಗಿ ಒತ್ತುತ್ತ ಪ್ಯಾಡ್‌ಗಳು ಡಿಸ್ಕಿಗೆ ತಾಗುವವರೆಗೆ ತನ್ನಿ. ಈ ಕೆಲಸ ಬಿಟ್ಟರೆ ಪ್ಯಾಡಿನ ಖಾಲಿ ಅಂತರವನ್ನೇ ಗಾಳಿ ಎಂದು ತಪ್ಪು ತಿಳಿಯುತ್ತೀರಿ.

## ಹಂತ 5: ಯಾವ ಚಕ್ರ ಮೊದಲು

ಸಾಮಾನ್ಯ ರೂಢಿ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ) ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ. ಕೆಲವು ಕಾರುಗಳಲ್ಲಿ, ಅದರಲ್ಲೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವಲ್ಲಿ ಮತ್ತು ಒಂದು ಮುಂದಿನ ಚಕ್ರವನ್ನು ಎದುರು ಮೂಲೆಯ ಹಿಂದಿನ ಚಕ್ರದ ಜತೆ ಜೋಡಿಸಿದ ವ್ಯವಸ್ಥೆಯಲ್ಲಿ, ತಯಾರಕರು ಬೇರೆ ಕ್ರಮ ಹೇಳುತ್ತಾರೆ. ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಮುಂದಿನ ಎರಡು ಕ್ಯಾಲಿಪರ್ ಮಾತ್ರ ಬದಲಿಸಿ, ರಿಸರ್ವಾಯರ್ ಒಮ್ಮೆಯೂ ಒಣಗದಿದ್ದರೆ ಮುಂದಿನ ಎರಡನ್ನೇ ಮಾಡಿದರೂ ನಡೆಯುತ್ತದೆ. ಆದರೆ ಹಿಂದಿನ ಆಯಿಲ್ ಎರಡು ವರ್ಷ ಹಳೆಯದಾಗಿದ್ದರೆ ನಾಲ್ಕನ್ನೂ ಮಾಡಿ ಎನ್ನುವುದು ನನ್ನ ಸಲಹೆ.

## ಹಂತ 6: ಇಬ್ಬರು ಸೇರಿ ಬ್ಲೀಡ್ ಮಾಡುವುದು

ರಿಸರ್ವಾಯರ್ ಕಡೆಯಿಂದ ಆಯಿಲನ್ನು ಒತ್ತಡದಲ್ಲಿ ತಳ್ಳುವ ಪ್ರೆಷರ್ ಬ್ಲೀಡರ್ ಇದ್ದರೆ ಒಬ್ಬರೇ ಮಾಡಬಹುದು. ಅದಕ್ಕೆ 1 ಬಾರ್ ಆಸುಪಾಸಿನ ಒತ್ತಡ ಸಾಕು. ನಿಪ್ಪಲ್ ಕಡೆಯಿಂದ ಎಳೆಯುವ ವ್ಯಾಕ್ಯೂಮ್ ಪಂಪ್ ಬಳಸುವವರು ಒಂದು ಗಮನಿಸಿ: ನಿಪ್ಪಲ್‌ನ ಮರೆಯ (ತಿರುಪಿನ ಸುತ್ತುಗಳ) ಸಂದಿಯಿಂದ ಹೊರಗಿನ ಗಾಳಿ ನುಸುಳಿ ಕೊನೆಯಿಲ್ಲದ ಗುಳ್ಳೆ ಬರುತ್ತಲೇ ಇರುತ್ತದೆ, ಅದು ಒಳಗಿನ ಗಾಳಿ ಅಲ್ಲ. ಎರಡೂ ಉಪಕರಣ ಇಲ್ಲದಿದ್ದರೆ ಹಳೆಯ ವಿಧಾನವೇ ಸಾಕು, ಇಬ್ಬರ ನಡುವೆ ಮಾತು ಸ್ಪಷ್ಟವಾಗಿದ್ದರೆ ಆಯಿತು.

ಒಳಗೆ ಕೂತವರು ಪೆಡಲನ್ನು ಮೆಲ್ಲಗೆ ಒತ್ತಿ ‘ಹಿಡಿದೆ’ ಎನ್ನಬೇಕು. ಚಕ್ರದ ಬಳಿ ಇರುವವರು ನಿಪ್ಪಲನ್ನು ಕಾಲು ಅಥವಾ ಅರ್ಧ ಸುತ್ತು ತೆರೆಯಬೇಕು. ಪೆಡಲ್ ಇಳಿಯುತ್ತದೆ, ಪೈಪಿನಲ್ಲಿ ಆಯಿಲ್ ಹರಿಯುತ್ತದೆ. ಪೆಡಲ್ ತಳ ಮುಟ್ಟುವ ಮುಂಚೆಯೇ ನಿಪ್ಪಲ್ ಮುಚ್ಚಿ ‘ಬಿಡಿ’ ಎನ್ನಬೇಕು. ಆ ‘ಬಿಡಿ’ ಕೇಳುವವರೆಗೆ ಕಾಲು ಎತ್ತುವಂತಿಲ್ಲ. ನಿಪ್ಪಲ್ ತೆರೆದಿರುವಾಗ ಕಾಲೆತ್ತಿದರೆ ಹೊರಬಿದ್ದದ್ದು ವಾಪಸ್ ಒಳಕ್ಕೆ ಹೋಗುತ್ತದೆ. ಬಿಟ್ಟ ಮೇಲೆ ಎರಡು ಮೂರು ಸೆಕೆಂಡ್ ತಡೆದು ಮುಂದಿನ ಒತ್ತು.

ಹಳೆಯ ಕಾರಾಗಿದ್ದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರ್ ಒಳಗೆ ದಿನವೂ ಸೀಲ್ ಓಡಾಡುವ ಭಾಗ ನುಣುಪಾಗಿರುತ್ತದೆ, ಅದರಾಚೆ ತುಕ್ಕು ಮತ್ತು ಕಸ ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ತುಳಿದರೆ ಸೀಲ್ ಅಲ್ಲಿಗೆ ಹೋಗಿ ಹರಿಯುತ್ತದೆ. ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಬ್ಲೀಡಿಂಗ್ ಮಾಡಿದ ದಿನವೇ ಕೆಟ್ಟಿತು ಅನ್ನುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಐದಾರು ಒತ್ತಿಗೊಮ್ಮೆ ರಿಸರ್ವಾಯರ್ ನೋಡಿ ತುಂಬಿಸಿ. ಮ್ಯಾನ್ಯುಯಲ್ ಗೇರ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್‌ಗೂ ಇದೇ ರಿಸರ್ವಾಯರ್. ಮಟ್ಟ ಇಳಿದರೆ ಮೊದಲು ಕ್ಲಚ್ ಲೈನಿಗೆ ಗಾಳಿ ಹೋಗುವಂಥ ಜೋಡಣೆಯೂ ಇದೆ. ಬಾಟಲಿಗೆ ಬಂದ ಆಯಿಲ್ ಎಷ್ಟೇ ಹೊಸದಾಗಿ ಕಂಡರೂ ಮರಳಿ ಸುರಿಯಬೇಡಿ.

ನಡುನಡುವೆ ರಬ್ಬರ್ ಸುತ್ತಿಗೆಯಿಂದ ಕ್ಯಾಲಿಪರಿನ ಮೈಗೆ ಟಕ್ ಟಕ್ ಎಂದು ಹಗುರವಾಗಿ ಬಡಿಯಿರಿ. ಗುಳ್ಳೆ ನಿಂತುಹೋಗಿ ಪೈಪು ಸ್ವಚ್ಛವಾಗಿ ಕಾಣುತ್ತಿದ್ದಾಗ ಹೀಗೆ ಬಡಿದು ನೋಡಿ. ಮುಂದಿನ ಒತ್ತಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಒಂದು ಸಾಲು ಹೊರಟು ಬರುತ್ತದೆ. ಗೋಡೆಗೆ ಅಂಟಿದ್ದವು ಅವು.

## ಹಂತ 7: ಒಂದು ಕ್ಯಾಲಿಪರಿಗೆ ಎರಡು ನಿಪ್ಪಲ್ ಇದ್ದರೆ

ಎರಡೂ ಬದಿ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಒಳಬದಿಗೊಂದು, ಹೊರಬದಿಗೊಂದು ನಿಪ್ಪಲ್ ಇರುವುದು ಸಾಮಾನ್ಯ. ಒಂದನ್ನೇ ಬ್ಲೀಡ್ ಮಾಡಿ ಮುಗಿಸಿದರೆ ಅರ್ಧ ಕ್ಯಾಲಿಪರ್ ಗಾಳಿಯಲ್ಲೇ ಉಳಿಯುತ್ತದೆ. ಹೋಸ್ ಸಾಮಾನ್ಯವಾಗಿ ಒಳಬದಿಗೆ ಸೇರುತ್ತದೆ, ಹಾಗಾಗಿ ದೂರದ ಹೊರಬದಿ ಮೊದಲು, ಆಮೇಲೆ ಒಳಬದಿ. ಕಿಟ್‌ನವರು ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ನಾನು ಹೊರಗೆ, ಒಳಗೆ, ಮತ್ತೆ ಹೊರಗೆ ಎಂದು ಮೂರು ಸಲ ಮಾಡುತ್ತೇನೆ. ಆ ಮೂರನೆಯ ಸಲ ಗುಳ್ಳೆ ಬರುವುದು ಅಪರೂಪವೇನಲ್ಲ.

ನಿಪ್ಪಲನ್ನು ಕೊನೆಯಲ್ಲಿ ಟಾರ್ಕ್ ನೋಡಿ ಬಿಗಿಯಿರಿ. ಸಣ್ಣ ಟೊಳ್ಳು ಬೋಲ್ಟ್ ಅದು, ಅಲ್ಯೂಮಿನಿಯಂ ಮೈಗೆ ಕೂತಿದೆ. ತೋಳ ಬಲ ತೋರಿಸಿದರೆ ಮರೆ ಕಿತ್ತುಬರುತ್ತದೆ. ನಿಪ್ಪಲ್‌ನ ಬಾಯೊಳಗೆ ಉಳಿದ ಆಯಿಲನ್ನು ಬ್ರೇಕ್ ಕ್ಲೀನರ್ ಊದಿ ತೆಗೆದು, ರಬ್ಬರ್ ಟೋಪಿ ಹಾಕಿ. ಹಾಗೆ ಮಾಡದಿದ್ದರೆ ನಾಳೆ ಅಲ್ಲಿ ಒದ್ದೆ ಕಂಡು ಸೋರಿಕೆ ಎಂದು ಹೆದರುತ್ತೀರಿ.

## ಹಂತ 8: ನಿಂತಲ್ಲೇ ಪರೀಕ್ಷೆ

ಎಂಜಿನ್ ಆಫ್ ಇರುವಾಗ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲಿ ಇನ್ನೊಬ್ಬರು ಪ್ರತಿ ಜೋಡಣೆಗೆ ಒಣ ಟಿಶ್ಯೂ ಕಾಗದ ತಾಗಿಸಿ ನೋಡಲಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಾಣುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು. ಅದು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು, ಗಾಳಿಯಲ್ಲ. ಈ ಇಳಿತ ಕಂಡು ಮತ್ತೆ ಬ್ಲೀಡಿಂಗ್‌ಗೆ ಕೂತವರು ಬಹಳ ಜನ.

## ಪೆಡಲ್ ಇನ್ನೂ ಸರಿಯಿಲ್ಲ ಎಂದಾಗ

ಎರಡು ಮೂರು ಸಲ ಪಟಪಟ ಒತ್ತಿದರೆ ಪೆಡಲ್ ಮೇಲೇರಿ ಗಟ್ಟಿಯಾಗುತ್ತದೆ, ಬಿಟ್ಟು ಒತ್ತಿದರೆ ಮತ್ತೆ ಮೆತ್ತಗೆ. ಒಳಗೆ ಗಾಳಿ ಇದೆ, ಇಲ್ಲವೇ ಪ್ಯಾಡ್ ಡಿಸ್ಕಿನಿಂದ ದೂರ ಸರಿಯುತ್ತಿದೆ. ಹಂತ 2ಕ್ಕೆ ಮರಳಿ. ಡಿಸ್ಕ್ ಓರೆ ತಿರುಗುತ್ತಿದೆಯೇ, ಕ್ಯಾಲಿಪರ್ ಡಿಸ್ಕಿನ ನಟ್ಟನಡುವೆ ಕೂತಿದೆಯೇ ಎಂಬುದನ್ನೂ ನೋಡಿ. ಹಟ ಹಿಡಿದ ಗುಳ್ಳೆಗೆ ಒಂದು ಉಪಾಯವಿದೆ: ನಿಪ್ಪಲ್ ತೆರೆದು, ಪೈಪಿನ ತುದಿ ಆಯಿಲ್‌ನಲ್ಲಿ ಮುಳುಗಿರುವಂತೆ ಪಿಸ್ಟನ್‌ಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ. ಗುಳಿಯಲ್ಲಿ ಅಡಗಿದ್ದ ಗಾಳಿ ಹೊರಬೀಳುತ್ತದೆ. ಪಿಸ್ಟನ್ ಒತ್ತಿ ಹಿಡಿದಿರುವಾಗಲೇ ನಿಪ್ಪಲ್ ಮುಚ್ಚಿ, ಆಮೇಲೆ ಪ್ಯಾಡ್‌ಗಳನ್ನು ಮತ್ತೆ ಡಿಸ್ಕಿಗೆ ತನ್ನಿ.

ಕಾಲಿಟ್ಟು ಹಿಡಿದಂತೆ ಪೆಡಲ್ ನಿಧಾನವಾಗಿ ಕುಸಿಯುತ್ತದೆ. ಇದು ಗಾಳಿಯಲ್ಲ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಈ ಕಾರನ್ನು ಓಡಿಸಬೇಡಿ.

ಪೆಡಲ್ ಗಟ್ಟಿಯಾಗಿದೆ, ಆದರೆ ಮೊದಲಿಗಿಂತ ಕೆಳಗೆ ಹೋಗಿ ಹಿಡಿಯುತ್ತದೆ, ಪಟಪಟ ಒತ್ತಿದರೂ ಬದಲಾಗದು. ಇದು ಲೆಕ್ಕದ ವಿಷಯ. ಒಂದೇ ಪಿಸ್ಟನ್‌ನ, ಪಕ್ಕಕ್ಕೆ ಜಾರುವ ಹಳೆಯ ಕ್ಯಾಲಿಪರಿನಲ್ಲಿ 54 ಎಂಎಂ ಪಿಸ್ಟನ್ ಇತ್ತೆನ್ನಿ, ಅದರ ವಿಸ್ತೀರ್ಣ ಸುಮಾರು 2290 ಚದರ ಎಂಎಂ. ಹೊಸ ನಾಲ್ಕು ಪಿಸ್ಟನ್ ಕ್ಯಾಲಿಪರಿನ ಒಂದು ಬದಿಗೆ 38 ಮತ್ತು 42 ಎಂಎಂ ಪಿಸ್ಟನ್ ಇದ್ದರೆ ಸುಮಾರು 2520. ಅಂದರೆ ಪ್ಯಾಡ್ ಅಷ್ಟೇ ದೂರ ಸರಿಯಲು ಶೇ. 10ರಷ್ಟು ಹೆಚ್ಚು ಆಯಿಲ್ ತಳ್ಳಬೇಕು, ಪೆಡಲ್ ಅಷ್ಟು ಹೆಚ್ಚು ಇಳಿಯುತ್ತದೆ. (ಎರಡೂ ಬದಿಯ ನಾಲ್ಕು ಪಿಸ್ಟನ್ ಕೂಡಿಸಿ ಹೋಲಿಸಬೇಡಿ, ಜಾರುವ ಕ್ಯಾಲಿಪರಿನ ಒಂದೇ ಪಿಸ್ಟನ್ ಎರಡೂ ಪ್ಯಾಡಿನ ದೂರವನ್ನು ತಾನೇ ಸರಿಯುತ್ತದೆ.) ಎಷ್ಟು ಬ್ಲೀಡ್ ಮಾಡಿದರೂ ಇದು ಹೋಗುವುದಿಲ್ಲ. ವ್ಯತ್ಯಾಸ ತೀರಾ ಹೆಚ್ಚಿದ್ದರೆ ಆ ಕ್ಯಾಲಿಪರಿಗೆ ಹೊಂದುವ ಮಾಸ್ಟರ್ ಸಿಲಿಂಡರ್ ಬೇಕು.

ಯಾವ ಚಕ್ರದಲ್ಲಿ ಗಾಳಿ ಇದೆ ಎಂದು ಹುಡುಕಲು ರಬ್ಬರ್ ಹೋಸ್‌ಗೆ ಕ್ಲ್ಯಾಂಪ್ ಹಾಕಿ ಒಂದೊಂದೇ ಲೈನ್ ಮುಚ್ಚಿ ನೋಡುವ ಪದ್ಧತಿಯಿದೆ. ಕಿಟ್ ಜತೆ ಬರುವ ಸ್ಟೀಲ್ ಹೆಣಿಗೆಯ ಹೋಸ್‌ಗೆ ಮಾತ್ರ ಎಂದೂ ಕ್ಲ್ಯಾಂಪ್ ಹಾಕಬೇಡಿ. ಒಳಗಿನ ಕೊಳವೆ ಮಡಚಿ ಒಡೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ರಿಸರ್ವಾಯರ್ ನಡುವೆ ಒಣಗಿತ್ತು. ಹಾಗಾದರೆ ಮಾಸ್ಟರ್ ಸಿಲಿಂಡರ್‌ಗೆ, ಬಹುಶಃ ಎಬಿಎಸ್ ಬ್ಲಾಕ್‌ಗೂ ಗಾಳಿ ಹೋಗಿದೆ. ಎಬಿಎಸ್ ಒಳಗೆ ಸದಾ ಮುಚ್ಚಿರುವ ವಾಲ್ವ್‌ಗಳಿವೆ, ಅವುಗಳಾಚೆಗಿನ ಗಾಳಿ ಪೆಡಲ್ ಒತ್ತಿದ ಮಾತ್ರಕ್ಕೆ ಬರುವುದಿಲ್ಲ. ಸ್ಕ್ಯಾನ್ ಟೂಲ್ ಜೋಡಿಸಿ ಎಬಿಎಸ್ ಪಂಪ್ ಮತ್ತು ವಾಲ್ವ್ ಓಡಿಸುತ್ತ ಬ್ಲೀಡ್ ಮಾಡಬೇಕು. ಆ ಸೌಲಭ್ಯವಿರುವ ಕಡೆಗೆ ಕಾರನ್ನು ಎಳೆಸಿಕೊಂಡು ಹೋಗಿ, ಓಡಿಸಿಕೊಂಡು ಬೇಡ.

## ಹಂತ 9: ರಸ್ತೆಗೆ ಇಳಿಸುವುದು

ಚಕ್ರದ ನಟ್ ಟಾರ್ಕ್ ಮಾಡಿ. ಒಳಗಿನ ಅಂಚಿನಲ್ಲಿ ಚಕ್ರ ಕ್ಯಾಲಿಪರಿಗೆ ತಾಗುತ್ತಿಲ್ಲವೇ ಎಂದು ಕೈಯಲ್ಲಿ ತಿರುಗಿಸಿ ನೋಡಿ. ಖಾಲಿ ಜಾಗದಲ್ಲಿ ಗಂಟೆಗೆ 5ರಿಂದ 10 ಕಿಮೀ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ. ಪೆಡಲ್ ಪ್ರತಿ ಸಲವೂ ಅದೇ ಎತ್ತರದಲ್ಲಿ ಹಿಡಿಯಬೇಕು, ಕಾರು ಒಂದು ಕಡೆಗೆ ಎಳೆಯಬಾರದು, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ದೀಪ ಉರಿಯಬಾರದು. ಇದರಲ್ಲಿ ಒಂದು ತಪ್ಪಿದರೂ ವಾಪಸ್.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಪೆಡಲ್ ತುಸು ಮೆತ್ತಗೇ ಇರುತ್ತದೆ. ಪ್ಯಾಡ್ ತಯಾರಕರು ಹೇಳಿದ ಕ್ರಮದಲ್ಲಿ ಅವುಗಳನ್ನು ಪಳಗಿಸಿ. ಸಾಮಾನ್ಯವಾಗಿ ಅದು ಪೂರ್ತಿ ನಿಲ್ಲಿಸದೆ ಹಲವು ಸಲ ವೇಗ ಇಳಿಸಿ, ನಡುವೆ ಆರಲು ಬಿಡುವ ಕೆಲಸ. ಮಧ್ಯೆ ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ತಿ ನಿಂತುಬಿಡಬೇಡಿ, ಪ್ಯಾಡಿನ ಗುರುತು ಡಿಸ್ಕಿಗೆ ಅಚ್ಚೊತ್ತುತ್ತದೆ.

ಮರುದಿನ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಪೆಡಲ್ ಒತ್ತಿ ನೋಡಿ, ರಿಸರ್ವಾಯರ್ ಮಟ್ಟ ನೋಡಿ, ನಾಲ್ಕು ಚಕ್ರದ ಒಳಮೈಗೆ ಟಾರ್ಚ್ ಹಾಯಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ಕ್ಯಾಲಿಪರ್‌ಗಳನ್ನು ಇನ್ನೊಮ್ಮೆ ಬ್ಲೀಡ್ ಮಾಡಿ. ಓಡಾಟದ ಅದುರಿಗೆ ಕಳಚಿಕೊಂಡ ಕೊನೆಯ ಗುಳ್ಳೆಗಳು ಅಷ್ಟು ಹೊತ್ತಿಗೆ ನಿಪ್ಪಲ್ ಹತ್ತಿರ ಬಂದು ಕೂತಿರುತ್ತವೆ, ನಾಲ್ಕೈದು ಒತ್ತಿಗೆ ಹೊರಬೀಳುತ್ತವೆ. ಬಾಟಲಿಯಲ್ಲಿ ಕೂಡಿದ ಹಳೆಯ ಆಯಿಲನ್ನು ಮೋರಿಗೆ ಸುರಿಯದೆ, ಮುಚ್ಚಿದ ಡಬ್ಬಿಯಲ್ಲಿ ಹಾಕಿ ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಆ ಡಬ್ಬಿಯ ಮೇಲೆ ‘ಹಳೆಯ ಬ್ರೇಕ್ ಆಯಿಲ್’ ಎಂದು ದೊಡ್ಡದಾಗಿ ಬರೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.